ಸೂಜಿ ಆ ನಾಯಿಗೆ, ಚೀಟಿ ಈ ನಾಯಿಗೆ

ದಾವಣಗೆರೆಯ ಹಳೇಪೇಟೆಯಲ್ಲಿ ಗುರುಶಾಂತಮ್ಮನವರನ್ನು ಮಾತಿನಲ್ಲಿ ಗೆದ್ದವರಿಲ್ಲ. ಗೆಲ್ಲುತ್ತೇನೆಂದು ಹೋದವರು ಮಂಡಕ್ಕಿ ತಿಂದು, ಕಾಫಿ ಕುಡಿದು, ಸೋತು ಬಂದಿದ್ದಾರೆ. ಅಂಥ ಗುರುಶಾಂತಮ್ಮನವರ ಮನೆಯಲ್ಲಿ ೧೯೬೧ರಲ್ಲಿ ಒಂದು ರಗಳೆ ಶುರುವಾಯಿತು. ರಗಳೆಗೆ ಕಾರಣ ನಾಯಿ.

ಮಗ ಕರಿಬಸವರಾಜ ಬಟ್ಟೆ ಗಿರಣಿಯಲ್ಲಿ ನೂಲಿನ ಖಾತೆಯ ಮೇಸ್ತ್ರಿ. ಅವನಿಗೆ ಆಫ್ರಿಕಾದ ನೈರೋಬಿಯಲ್ಲಿ ಒಂದು ಹೊಸ ಗಿರಣಿಯ ಕೆಲಸ ಸಿಕ್ಕಿತ್ತು. ಅವನಿಗೆ, ಹೆಂಡತಿ ಉಮಾಮಹೇಶ್ವರಿಗೆ, ತಾಯಿಗೆ, ಮೂವರಿಗೂ ವಿಮಾನದ ಟಿಕೆಟ್ಟು ಬಂದಿತ್ತು. ಸೊಸೆ ಚಟ್ನಿಪುಡಿ ಡಬ್ಬಿಗೆ ತುಂಬುತ್ತಿದ್ದಳು. ಗುರುಶಾಂತಮ್ಮ ಮಾತ್ರ ಕಟ್ಟೆಯ ಮೇಲೆ ಕೂತು ಒಂದೇ ಮಾತು ಹೇಳಿದರು.

“ದೊರೆ ಬಂದ್ರೆ ನಾ ಬರ್ತೀನಿ. ಇಲ್ಲಾಂದ್ರೆ ನೀವಿಬ್ರೇ ಹೋಗ್ರಿ, ಸುಖವಾಗಿರ್ರಿ.”

ದೊರೆ ಎಂದರೆ ಅವರ ನಾಯಿ. ಮೈಯೆಲ್ಲ ಕಪ್ಪು, ಮುಂದಿನ ಎಡಗಾಲು ಮಾತ್ರ ಹಾಲಿನಲ್ಲಿ ಅದ್ದಿದಂತೆ ಬಿಳಿ. ಯಜಮಾನರು ತೀರಿಕೊಂಡ ವರ್ಷ ಮನೆಗೆ ಬಂದ ಮರಿ. ಆಗ ಗುರುಶಾಂತಮ್ಮ ಊಟ ಬಿಟ್ಟಿದ್ದರು, ಮಾತೂ ಬಿಟ್ಟಿದ್ದರು. ಮರಿಗೆ ರೊಟ್ಟಿ ಮುರಿದು ಹಾಕುತ್ತಾ ಹಾಕುತ್ತಾ ತಾವೂ ಒಂದು ತುಂಡು ಬಾಯಿಗಿಟ್ಟುಕೊಂಡರು. ಅದನ್ನು ಬಿಟ್ಟು ಹೋಗಬೇಕೆಂದರೆ ಅವರಿಗೆ ಕರುಳು ಕಿತ್ತು ಬರುತ್ತಿತ್ತು.

ಕರಿಬಸವರಾಜ ಕಂಪನಿಗೆ ಕಾಗದ ಬರೆದ. ನಾಯಿ ಬರಬಹುದು ಎಂದು ಉತ್ತರ ಬಂತು. ಆದರೆ ಅಲ್ಲಿಯ ಸರ್ಕಾರದ ಪರವಾನಗಿ ಬೇಕು. ಗಾಳಿಯಾಡುವ ಮರದ ಪೆಟ್ಟಿಗೆ ಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ ಮೂವತ್ತು ದಿನ ಆಗಿರಬೇಕು. ಹೊರಡುವ ವಾರ ಡಾಕ್ಟರು ನಾಯಿಯನ್ನು ನೋಡಿ, ಆರೋಗ್ಯವಾಗಿದೆ ಎಂದು ಬರೆದುಕೊಡಬೇಕು. ಪರವಾನಗಿಯನ್ನು ಕಂಪನಿಯವರೇ ತೆಗೆಸಿಕೊಟ್ಟರು. ಪೆಟ್ಟಿಗೆಯನ್ನು ಬಡಿಗೇರ ಬೋರಣ್ಣ ಮಾಡಿದ, ನಾಯಿ ಎದ್ದು ನಿಂತು ಒಂದು ಸುತ್ತು ತಿರುಗುವಷ್ಟು ದೊಡ್ಡದಾಗಿ. ಉಳಿದದ್ದು ಸೂಜಿ.

“ಸೂಜಿನಾ?” ಗುರುಶಾಂತಮ್ಮ ಎದ್ದು ನಿಂತರು. “ನಮ್ಮ ದೊರೆ ಮೊಟ್ಟೆ ಸೈತ ಮುಟ್ಟಿಲ್ಲ. ನಾ ಪೂಜೆ ಮಾಡೋವಾಗ ಬಾಗಿಲಾಗೆ ಕೈ ಮುಗಿದಂಗೆ ಕೂತಿರ್ತೈತೆ. ಇದಕ್ಕೆ ಹುಚ್ಚು ಹೆಂಗೆ ಹಿಡೀತೈತೆ?”

“ಅವ್ವಾ, ಅದು ಕಾನೂನು.”

“ಆ ಕಾನೂನು ಬೀದಿ ನಾಯಿಗೆ. ಸಂಭಾವಿತ ನಾಯಿಗಲ್ಲ.”

ಹಟದ ಹಿಂದೆ ಹೆದರಿಕೆ ಇತ್ತು. ಹೋದ ವರ್ಷ ಎದುರುಮನೆ ಮಾಳಿಂಗಪ್ಪನಿಗೆ ನಾಯಿ ಕಚ್ಚಿ, ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿದ್ದರು. ದಿನಕ್ಕೊಂದರಂತೆ ಅವನು ಕೂಗಿದ್ದನ್ನು ಇಡೀ ಓಣಿ ಕೇಳಿತ್ತು. ದೊರೆಯ ಹೊಟ್ಟೆಗೂ ಹದಿನಾಲ್ಕು ಎಂದು ಗುರುಶಾಂತಮ್ಮ ತಾವೇ ತೀರ್ಮಾನ ಮಾಡಿ, ತಾವೇ ಅತ್ತರು.

ಅತ್ತು ಮುಗಿದ ಮೇಲೆ ಒಂದು ಉಪಾಯ ಹೊಳೆಯಿತು.

“ನಾನೇ ಹರಿಹರಕ್ಕೆ ಕರ್ಕೊಂಡು ಹೋಗಿ ಹಾಕಿಸ್ತೀನಿ ಬಿಡಪ್ಪ. ಅಲ್ಲಿ ದನದ ಆಸ್ಪತ್ರೆಯಾಗೆ ಫಜಲುಲ್ಲಾ ಸಾಬ್ರು ಕಾಂಪೌಂಡರ್ ಅದಾರೆ. ಮೊದ್ಲು ನಮ್ಮ ಓಣಿಯಾಗೇ ಇದ್ರಲ್ಲ,” ಎಂದರು.

ಮಗ ಖುಷಿಪಟ್ಟ. ತಾಯಿಯನ್ನು ಇಷ್ಟು ವರ್ಷ ನೋಡಿದವನು ಖುಷಿಪಡಬಾರದಿತ್ತು.

ಯಾಕೆಂದರೆ ಹರಿಹರದಲ್ಲಿ ತರಕಾರಿ ಮಾರುವ ಓಬಕ್ಕನ ಮನೆಯಲ್ಲಿ ಕಾಳ ಎಂಬ ಇನ್ನೊಂದು ನಾಯಿ ಇತ್ತು. ಕಾಳ, ದೊರೆ ಒಂದೇ ಸೂಲಿನ ಮರಿಗಳು. ಅದೇ ಕಪ್ಪು, ಅದೇ ಬಾಲ, ಅದೇ ಬಿಳಿ ಕಾಲು. ಗುರುಶಾಂತಮ್ಮ ಬಸ್ಸಿಳಿದು ನೇರ ಅಲ್ಲಿಗೇ ಹೋದರು.

“ಓಬಕ್ಕ, ಒಂದು ಗಳಿಗೆ ನಿನ್ನ ಕಾಳನ್ನ ಕೊಡು. ನನ್ನ ದೊರೆ ಇಲ್ಲೇ ಇರ್ಲಿ.”

“ಯಾಕ್ರವ್ವ?”

“ಸೂಜಿ ಹಾಕ್ಸಾದೈತೆ.”

“ನಿಮ್ಮ ನಾಯಿ ಸೂಜಿ ನನ್ನ ನಾಯಿಗ್ಯಾಕ್ರಿ?”

“ನಿನ್ನ ಕಾಳ ಗಟ್ಟಿ ಆಳು, ತಡ್ಕೊಂತಾನೆ. ನನ್ನದು ಪಾಪ, ಗುಡುಗಿದ್ರೆ ಮಂಚದಡಿ ಹೋಗ್ತೈತೆ.”

ಓಬಕ್ಕ ಸ್ವಲ್ಪ ಯೋಚಿಸಿದಳು. “ಔಷಧ ಒಳ್ಳೇದೇ ಅಂದ್ರೆ ಹಾಕ್ಲಿ ಬಿಡ್ರಿ. ನನಗೇನು ನಷ್ಟ?” ಎಂದು ಹಗ್ಗ ಕೊಟ್ಟಳು.

ಅಂದು ಫಜಲುಲ್ಲಾ ಹಳ್ಳಿಯ ಕಡೆ ಎತ್ತುಗಳಿಗೆ ಮದ್ದು ಹಾಕಲು ಹೋಗಿದ್ದರು. ಡಾಕ್ಟರೇ ಕಾಳನನ್ನು ಒಳಗೆ ಒಯ್ದು ಚುಚ್ಚಿದರು; ಎಷ್ಟು ಸೂಜಿ ಎಂದು ನೋಡುವ ಧೈರ್ಯವಿಲ್ಲದೆ ಗುರುಶಾಂತಮ್ಮ ಕಿವಿ ಮುಚ್ಚಿಕೊಂಡು ಹೊರಗೇ ಕೂತರು. ಆಮೇಲೆ ಡಾಕ್ಟರು ನಾಯಿಯ ಹೆಸರು ಕೇಳಿದರು. ಗುರುಶಾಂತಮ್ಮ ಕಣ್ಣು ಮಿಟುಕಿಸದೆ “ದೊರೆ” ಎಂದರು. ಡಾಕ್ಟರು ನಾಯಿಯನ್ನು ಹಿಂದೆ ಮುಂದೆ ನೋಡಿ ಇಂಗ್ಲಿಷಿನಲ್ಲಿ ಚೀಟಿ ಬರೆದು ಕೊಟ್ಟರು.

ಮನೆಯಲ್ಲಿ ಉಮಾಮಹೇಶ್ವರಿ ಚೀಟಿ ಓದಿದಳು. “ಅತ್ತೆ, ಗುರುತು ಅಂತ ಬರೆದಾರೆ. ಮುಂದಿನ ಬಲಗಾಲು ಬಿಳಿ ಅಂತೆ. ದೊರೆದು ಎಡಗಾಲಲ್ವಾ?”

ಗುರುಶಾಂತಮ್ಮ ಬಗ್ಗಿ ದೊರೆಯ ಕಾಲು ನೋಡಿದರು. ಇಷ್ಟು ದಿನ ಎರಡು ನಾಯಿಗಳನ್ನೂ ನೋಡಿದವರು ಕಾಲು ಎಡವೋ ಬಲವೋ ಎಂದು ನೋಡಿರಲಿಲ್ಲ. ಆದರೂ ಬಾಯಿ ಸೋಲಲಿಲ್ಲ.

“ಡಾಕ್ಟ್ರು ಎದುರಿಗೆ ಕೂತಿದ್ರಮ್ಮ. ಅವರ ಬಲಕ್ಕೆ ಇದರ ಎಡ ಬರ್ತೈತೆ. ಅಷ್ಟೂ ಗೊತ್ತಾಗಲ್ಲೇನು?”

ಸೊಸೆ ಚೀಟಿಯನ್ನು ಮಡಿಸಿಟ್ಟಳು. ಆದರೆ ಕರಿಬಸವರಾಜ, “ವಿಮಾನ ಇಳಿದ ಕಡೆ ಸಾಹೇಬ್ರು ಗುರುತು ನೋಡೇ ಒಳಗೆ ಬಿಡೋದು,” ಎಂದದ್ದು ಗುರುಶಾಂತಮ್ಮನವರ ತಲೆಯಲ್ಲಿ ಹುಳದಂತೆ ಕೊರೆಯಿತು.

ಹೊರಡಲು ಆರು ದಿನ ಉಳಿದಾಗ ಡಾಕ್ಟರಿಗೆ ನಾಯಿ ತೋರಿಸುವ ದಿನ ಬಂತು. ಅಂದು ಬೆಳಗ್ಗೆ ಗುರುಶಾಂತಮ್ಮ ಅಡಿಗೆಮನೆಯ ಬಾಗಿಲು ಹಾಕಿಕೊಂಡು ದೊರೆಯ ಶೃಂಗಾರಕ್ಕೆ ಕೂತರು. ಬಲಗಾಲಿಗೆ ಎಲೆಅಡಿಕೆ ಡಬ್ಬಿಯ ಸುಣ್ಣ. ಎಡಗಾಲಿಗೆ ಹಂಚಿನ ತಳದ ಮಸಿ, ಎಣ್ಣೆಯಲ್ಲಿ ಕಲಸಿದ್ದು. ಕೆಲಸ ಮುಗಿದಾಗ ನಾಯಿ ಚೀಟಿಯಲ್ಲಿ ಇದ್ದಂತೆಯೇ ಆಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರು ದೊರೆಗೆ ಕಾಲು ನೆಕ್ಕಲು ಬಿಡದೆ ಮೂತಿ ಹಿಡಿದುಕೊಂಡೇ ಕೂತರು.

ಆಸ್ಪತ್ರೆಯ ಜಗುಲಿಯಲ್ಲಿ ಫಜಲುಲ್ಲಾ ಕೂತಿದ್ದರು. ನೋಡಿದ ಕೂಡಲೇ ಎದ್ದರು. “ಬರ್ರಿ ಅಮ್ಮಾರೆ, ಕೂಡ್ರಿ. ಡಾಕ್ಟ್ರು ಹೇಳಿದ ದೊರೆ ಇವನೇ ಏನು? ಏನಪ್ಪಾ, ಹೆಂಗದೀಯ?”

ದೊರೆಗೆ ಒಂದೇ ಒಂದು ವಿದ್ಯೆ ಗೊತ್ತಿತ್ತು. ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಕಾಲು ಎತ್ತಿ ಅವರ ಅಂಗೈಯಲ್ಲಿ ಇಡುವುದು. ಅದನ್ನು ಕಲಿಸಿದವರೂ ಗುರುಶಾಂತಮ್ಮನವರೇ. ದೊರೆ ಮೊದಲು ಬಲಗಾಲು ಕೊಟ್ಟಿತು. ಆಮೇಲೆ, ಬೇಜಾರಾಗದಿರಲಿ ಎಂಬಂತೆ, ಎಡಗಾಲೂ ಕೊಟ್ಟಿತು.

ಫಜಲುಲ್ಲಾ ತಮ್ಮ ಕೈ ನೋಡಿಕೊಂಡರು. ಒಂದು ಅಂಗೈ ಬಿಳಿ, ಇನ್ನೊಂದು ಕಪ್ಪು. ನಾಯಿಯ ಕಾಲು ನೋಡಿದರು. ಗುರುಶಾಂತಮ್ಮನವರ ಮುಖ ನೋಡಿದರು. ಗುರುಶಾಂತಮ್ಮ ಸೂರು ನೋಡುತ್ತಿದ್ದರು.

“ಅಮ್ಮಾರೆ, ಇದೇನ್ರಿ ಇದು?”

“ದೃಷ್ಟಿ ಆಗ್ಬಾರ್ದು ಅಂತ...” ಎಂದರು. ಮುಂದೆ ಮಾತು ಹೊರಡಲಿಲ್ಲ. ಹಳೇಪೇಟೆಯವರು ನೋಡಿದ್ದರೆ ಹಬ್ಬ ಮಾಡುತ್ತಿದ್ದರು. ಗುರುಶಾಂತಮ್ಮ ಬೆಂಚಿನ ಮೇಲೆ ಕೂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ಫಜಲುಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವರ ಮುಖ ಬಿಗಿಯಾಯಿತು.

“ಸಾಬ್ರೆ, ನಿಮ್ಮ ಕಾಲಿಗೆ ಬೀಳ್ತೀನಿ. ಬಲ ಅನ್ನೋದನ್ನ ಎಡ ಅಂತ ತಿದ್ದಿಬಿಡ್ರಿ.”

“ಅಕ್ಷರ ತಿದ್ದಿದ್ರೆ ದೊರೆ ಮೈಯಾಗೆ ಮದ್ದು ಬರ್ತೈತೇನ್ರಿ? ಸುಳ್ಳು ಚೀಟಿ ಅಂತ ಅಲ್ಲಿ ಗೊತ್ತಾದ್ರೆ ನಾಯಿನ ವಾಪಸ್ ಕಳಿಸ್ಬೋದು. ಕೊಂದೇ ಬಿಡ್ಬೋದು. ಆವಾಗ ಯಾರ ಕಾಲಿಗೆ ಬೀಳ್ತೀರಿ?”

ಗುರುಶಾಂತಮ್ಮ ದೊರೆಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಸೀರೆಗೆಲ್ಲ ಮಸಿ ಆಯಿತು. “ಹದಿನಾಲ್ಕು ಸೂಜಿ ಹೆಂಗೆ ತಡೀತೈತ್ರಿ ಇದು?”

“ಹದಿನಾಲ್ಕು ಯಾರು ಹೇಳಿದ್ರು? ಅದು ಮನುಷ್ಯಗೆ, ಕಚ್ಚಿಸ್ಕೊಂಡ ಮ್ಯಾಲೆ. ನಾಯಿಗೆ ಒಂದೇ, ರೋಗ ಬರೋಕೆ ಮೊದ್ಲು. ಈ ಒಂದು ಹಾಕ್ಸಿದ್ರೆ ಆ ಹದಿನಾಲ್ಕು ಯಾಕ ಬೇಕ್ರಿ?”

“ಆದ್ರೆ ಇದು ಬರೀ ಹಾಲು ರೊಟ್ಟಿ ತಿನ್ನೋ ನಾಯಿ...”

“ಅಮ್ಮಾರೆ, ಕಚ್ಚೋ ಹುಚ್ಚುನಾಯಿ ಇದೇನು ತಿಂತೈತೆ ಅಂತ ಕೇಳಿ ಕಚ್ಚಲ್ಲ. ಆ ರೋಗ ಬಂತು ಅಂದ್ರೆ ಔಷಧ ಇಲ್ಲ. ನಾಯಿಗೂ ಇಲ್ಲ, ಅದು ಕಚ್ಚಿದ ಮನುಷ್ಯಗೂ ಇಲ್ಲ. ನಿಮ್ಮ ಸೊಸೆಗೆ ಇವತ್ತಲ್ಲ ನಾಳೆ ಕೂಸು ಆಗ್ತೈತೆ. ಆ ಕೂಸು ಇದರ ಜೊತೆಗೇ ಆಡ್ತೈತೆ ಅಲ್ಲೇನು?”

ಗುರುಶಾಂತಮ್ಮ ದೊರೆಯ ತಲೆ ಸವರಿದರು. ಆಮೇಲೆ ಕಣ್ಣೊರೆಸಿಕೊಂಡು, “ಹಾಕ್ರಿ,” ಎಂದರು.

ಒಳಗೆ ಡಾಕ್ಟರು ಎಲ್ಲವನ್ನೂ ಕೇಳಿ ಚೆನ್ನಾಗಿ ಬೈದರು. ಹಳೇ ಚೀಟಿಯನ್ನು ಹರಿದುಹಾಕಿ, ಕಾಳನ ಹೆಸರಿಗೆ ಬೇರೆ ಬರೆದರು. ದೊರೆಯ ಕಾಲು ತೊಳೆಸಿ ಸೂಜಿ ಚುಚ್ಚಿದರು. ದೊರೆ ಕಿವಿಯೂ ಅಲ್ಲಾಡಿಸಲಿಲ್ಲ. “ಅಯ್ಯೋ ಶಿವನೇ!” ಎಂದು ಕೂಗಿದವರು ಗುರುಶಾಂತಮ್ಮ. ಅವರಿಗೇ ಫಜಲುಲ್ಲಾ ನೀರು ಕುಡಿಸಿ, ಗಾಳಿ ಬೀಸಿ, ಬಸ್ಸು ಹತ್ತಿಸಿದರು.

ಮೂವತ್ತು ದಿನ ಮತ್ತೆ ಒಂದರಿಂದ ಶುರುವಾಯಿತು. ಮಗ ಸೊಸೆ ಟಿಕೆಟ್ಟಿನ ದಿನಕ್ಕೇ ಹೊರಟುಹೋದರು. ಹರಿಹರದ ಆಚೆಯ ಸೇತುವೆಯನ್ನು ಎಂದೂ ಒಬ್ಬರೇ ದಾಟದ ಗುರುಶಾಂತಮ್ಮ, ಒಂದು ತಿಂಗಳು ಕಾದು, ದೊರೆಯನ್ನು ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ, ಬೊಂಬಾಯಿಯಿಂದ ಒಬ್ಬರೇ ವಿಮಾನ ಹತ್ತಿದರು. ಹೆದರಿ ಶಿವನಾಮ ಜಪಿಸುತ್ತಿದ್ದರು. ಆದರೆ ಪೆಟ್ಟಿಗೆಯೊಳಗಿನ ದೊರೆಗೆ ಇನ್ನೂ ಹೆಚ್ಚು ಹೆದರಿಕೆ ಇರುತ್ತದೆಂದು ನೆನೆದು ಧೈರ್ಯ ತಂದುಕೊಂಡರು.

ನೈರೋಬಿಯಲ್ಲಿ ಖಾಕಿ ಚಡ್ಡಿಯ ಅಧಿಕಾರಿ ಪೆಟ್ಟಿಗೆ ತೆಗೆಸಿ ಚೀಟಿ ಓದಿದ. ಬಗ್ಗಿ ದೊರೆಯ ಎಡಗಾಲು ಎತ್ತಿ ಹಿಡಿದ. ಗುರುಶಾಂತಮ್ಮನವರಿಗೆ ತಡೆಯಲಾಗಲಿಲ್ಲ.

“ತಿಕ್ಕಿ ನೋಡಪ್ಪಾ ಬೇಕಾದ್ರೆ! ಹುಟ್ಟಿದ್ದೇ ಹಿಂಗೆ!”

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನಕ್ಕು, ಮೊಹರು ಒತ್ತಿದ. ದೊರೆ ಪೆಟ್ಟಿಗೆಯಿಂದ ಹಾರಿ ಬಂದು ಗುರುಶಾಂತಮ್ಮನವರ ಮೈಮೇಲೆ ಬಿತ್ತು. ಅವರು ಅಲ್ಲೇ ನೆಲದ ಮೇಲೆ ಕೂತು, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತರು.

ಓದಿದ ತಾಯಂದಿರೇ, ಅಣ್ಣಂದಿರೇ, ನಕ್ಕಿರಲ್ಲವೇ? ನಗಿ. ಆದರೆ ಇಷ್ಟು ನೆನಪಿಡಿ. ನಾಯಿಯನ್ನು ಪರದೇಶಕ್ಕೆ ಒಯ್ಯುವವರು ಆ ದೇಶದ ನಿಯಮವನ್ನು ತಿಂಗಳುಗಳ ಮುಂಚೆಯೇ ಕೇಳಿ ತಿಳಿಯಿರಿ. ಪರವಾನಗಿ, ಪೆಟ್ಟಿಗೆ, ಮದ್ದು, ಚೀಟಿ, ಯಾವುದಕ್ಕೂ ಅಡ್ಡದಾರಿ ಹುಡುಕಬೇಡಿ. ವಿಮಾನ ಹತ್ತುವ ನಾಯಿಗೆ ಮಾತ್ರ ಸೂಜಿ ಎಂದೂ ತಿಳಿಯಬೇಡಿ. ನಿಮ್ಮ ಅಂಗಳದಲ್ಲಿ ಮಲಗಿ ನಿಮ್ಮ ಮಕ್ಕಳ ಕೈ ನೆಕ್ಕುವ ನಾಯಿಗೂ ಅದು ಬೇಕು. ನಾಳೆಯೇ ನಾಯಿಯನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಕ್ಕದ ಮನೆಯದನ್ನಲ್ಲ, ನಿಮ್ಮದನ್ನೇ.