ದೇವರ ಕಪಾಟಿಗೆ ಬಣ್ಣ

ಸೋಲಾಪುರದ ಹೊಸ ಮನೆಗೆ ಬಂದಾಗಿನಿಂದ ಶಾಂತಲಿಂಗಪ್ಪನಿಗೂ ಸೊಸೆ ಮನೀಷಾಳಿಗೂ ಒಂದೇ ಒಂದು ವಿಷಯದಲ್ಲಿ ಮಾತು ಕೂಡಿರಲಿಲ್ಲ. ಅದು ದೇವರ ಕಪಾಟು.

ಸಾಗವಾನಿಯ ಆ ಕಪಾಟನ್ನು ಅಕ್ಕಲಕೋಟದ ಬಡಿಗನ ಕೈಯಲ್ಲಿ ಮಾಡಿಸಿ, ಶಾಂತಲಿಂಗಪ್ಪನ ಮದುವೆಯಲ್ಲಿ ಕರಜಗಿಯ ಮಾವನ ಮನೆಯವರು ಮಗಳು ಗುರುಬಾಯಿಯ ಜೊತೆಗೆ ಅವನ ಊರು ತಡವಳಕ್ಕೆ ಕಳಿಸಿಕೊಟ್ಟಿದ್ದರು. ಮೊದಲೇ ಕಪ್ಪು ಪಾಲಿಶು. ಮೇಲೆ ಊದಿನಕಡ್ಡಿ, ಧೂಪ, ದೀಪಗಳ ಹೊಗೆ. ಈಗ ಅದು ಎಷ್ಟು ಕಪ್ಪಾಗಿತ್ತೆಂದರೆ, ಒಳಗಿರುವ ಸಿದ್ಧರಾಮೇಶ್ವರನನ್ನು ಹುಡುಕಲು ಬ್ಯಾಟರಿ ಬೇಕೆಂದು ಮಗ ಸಿದ್ಧರಾಮ ನಗೆಯಾಡುತ್ತಿದ್ದ. ಗುರುಬಾಯಿ ಇದ್ದಾಗ ಅವನಿಗೆ ಹಾಗೆ ಅನ್ನುವ ಧೈರ್ಯವಿರಲಿಲ್ಲ. ಹೋದ ದೀಪಾವಳಿಗೆ ಮುಂಚೆ ಆಕೆ ಶಿವನ ಪಾದ ಸೇರಿದ್ದಳು.

"ಮಾವಾರ, ಸಿಟ್ಟಾಗಬ್ಯಾಡ್ರಿ," ಎಂದಳು ಮನೀಷಾ ಒಂದು ದಿನ. "ಮನಿ ಎಲ್ಲಾ ಬೆಳ್ಳಗ ಅದ. ಇದೊಂದು ಮೂಲ್ಯಾಗ ಎಮ್ಮಿ ಕಟ್ಟಿದಂಗ ಕಾಣತದ. ಬಜಾರದಾಗ ಸಂಗಮರವರಿ ಕಲ್ಲಿಂದು ದೇವರ ಮಂಟಪ ಬಂದಾವ್ರಿ, ಹಾಲಿನಂಗ ಅವ."

"ಹಾಲು ಕೊಡೂದು ಎಮ್ಮಿನೇ ಅಲ್ಲೇನವಾ?" ಎಂದ ಶಾಂತಲಿಂಗಪ್ಪ.

ಸಿದ್ಧರಾಮ ಅಪ್ಪನ ಮಾತಿಗೂ ಹೂಂ ಅಂದ, ಹೆಂಡತಿಯ ಮಾತಿಗೂ ಹೂಂ ಅಂದ. ಕೊನೆಗೆ ಮನೀಷಾಳೇ ದಾರಿ ತೆಗೆದಳು. ಮೊದಲ ಶ್ರಾವಣ ಸೋಮವಾರ ಭಜನೆಗೆ ಮಂದಿ ಬರುತ್ತಾರೆ. ಅಷ್ಟರೊಳಗೆ ಕಪಾಟಿಗೆ ಬಣ್ಣ ಹಚ್ಚಿ ಬೆಳ್ಳಗೆ ಮಾಡಿದರೆ ಅದು ಮನೆಯಲ್ಲೇ ಇರಲಿ. ಇಲ್ಲವಾದರೆ ಹಳೇ ಸಾಮಾನಿನವನ ಟೆಂಪೋ ಹತ್ತಲಿ.

ಶಾಂತಲಿಂಗಪ್ಪ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಗುರುಬಾಯಿಯ ಸೀರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಂಡಿದ್ದರು. ತಡವಳದ ಮನೆ ತನ್ನ ತಮ್ಮನ ಪಾಲಿಗೆ ಹೋಗಿತ್ತು. ಆಕೆ ದಿನವೂ ನಿಂತ ಜಾಗ ಎಂದು ಉಳಿದದ್ದು ಆ ಕಪಾಟಿನ ಮುಂದಿನ ಎರಡು ಹೆಜ್ಜೆ ನೆಲ ಮಾತ್ರ. ಕಪಾಟು ಹೋದರೆ ಅದೂ ಬರೀ ಫರಸಿ ಕಲ್ಲೇ.

ಬಣ್ಣದವನನ್ನು ಕರೆಸುತ್ತೇನೆಂದು ಮಗ ಹೇಳಿದರೆ, ಸ್ನಾನ ಮಾಡಿದ್ದಾನೋ ಇಲ್ಲವೋ ಯಾರಿಗೆ ಗೊತ್ತು ಎಂದು ಮುದುಕ ಒಪ್ಪಲಿಲ್ಲ. ಕರಜಗಿಗೆ ಫೋನು ಮಾಡಿ ಗುರುಬಾಯಿಯ ತಮ್ಮ ಗೊಲ್ಲಾಳಪ್ಪನನ್ನು ಕರೆದ. ಕಾರಹುಣ್ಣಿಮೆ ಬಂದರೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲು ಅರ್ಧ ಊರು ಗೊಲ್ಲಾಳಪ್ಪನ ಬಾಗಿಲಿಗೆ ಬರುತ್ತಿತ್ತು. ಅವನು ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಸ್ವಾಮಿ ಸಮರ್ಥರ ಪ್ರಸಾದದ ಪುಡಿಕೆ ಜೇಬಿನಲ್ಲಿಟ್ಟುಕೊಂಡು, ಕೋಡು ಹೆರೆಯುವ ಕತ್ತಿಯನ್ನು ಚೀಲದಲ್ಲಿ ಸುತ್ತಿಕೊಂಡು ಬಂದಿಳಿದ.

"ಮಾಮಾ, ಮೊದಲ ಇದರ ಮೈ ಹೆರೀಬೇಕು," ಎಂದ ಕಪಾಟನ್ನು ಸುತ್ತಿ ನೋಡಿ.

"ಹೆರೀತಿ? ದೇವರು ಕುಂತ ಕಟಗಿ ಅದು. ನಿಮ್ಮ ಕರಜಗಿ ಎತ್ತ ಅಲ್ಲ."

"ಎತ್ತಿನ ಮ್ಯಾಲೂ ದೇವರೇ ಕುಂತಾನಲ್ಲೋ ಮಾಮಾ!"

"ಬಾಯಿ ಮುಚ್ಚಿ ಬಣ್ಣಾ ಹಚ್ಚು."

ದೇವರುಗಳನ್ನು ಮಣೆಯ ಮೇಲೆ ಇಳಿಸಿದರು. ಶಾಂತಲಿಂಗಪ್ಪ ಒದ್ದೆ ಬಟ್ಟೆಯಿಂದ ಕಪಾಟನ್ನು ಮೆಲ್ಲಗೆ ಒರೆಸಿದ, ಜ್ವರ ಬಂದ ಮಗುವಿನ ಮೈ ಒರೆಸುವ ಹಾಗೆ. ಕತ್ತಿಯನ್ನಾಗಲಿ ಉಜ್ಜುವ ಮರಳು ಕಾಗದವನ್ನಾಗಲಿ ಹತ್ತಿರ ಸುಳಿಯಗೊಡಲಿಲ್ಲ. ಮನೀಷಾ ಆರಿಸಿದ್ದು ಮುತ್ತಿನ ಬಣ್ಣ. ಇಬ್ಬರು ಮುದುಕರು ಅಂಗಿ ಕಳಚಿ, ಒಬ್ಬರ ಕೆಲಸದಲ್ಲಿ ಒಬ್ಬರು ತಪ್ಪು ಹುಡುಕುತ್ತ ಹಚ್ಚಿದರು. ಸಂಜೆಯ ಹೊತ್ತಿಗೆ ಎಮ್ಮೆ ಹೋಗಿ ಆಕಳು ಬಂದು ನಿಂತಿತ್ತು. ಶಾಂತಲಿಂಗಪ್ಪನ ಬೋಳು ನೆತ್ತಿಯ ಮೇಲೂ ಒಂದಿಷ್ಟು ಮುತ್ತಿನ ಬಣ್ಣ ಕೂತಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಬಲಗಡೆಯ ಹಲಗೆಯ ಮೇಲೆ ಬಣ್ಣ ಹಿಡಿದಿರಲಿಲ್ಲ. ಕಾಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಅದರೊಳಗಿಂದ ಹಳದಿ ಕಲೆ ಮೇಲೆದ್ದಿತ್ತು. ಗೊಲ್ಲಾಳಪ್ಪ ಬೆರಳಿನಿಂದ ಮುಟ್ಟಿ ಮೂಸಿದ.

"ಎಣ್ಣಿ. ಕಟಗಿ ಹೊಟ್ಟಿತುಂಬ ಕುಡದದ. ಇದು ನಿನ್ನ ತಲಿ ಎಣ್ಣಿನೇ ಮಾಮಾ. ನಮ್ಮಕ್ಕ ಕರಜಗಿಗಿ ಬಂದಾಗೊಮ್ಮೆ ಹೇಳತಿದ್ದಳು: 'ಅವರು ಪಾರಾಯಣಕ್ಕ ಕೂಡತಾರ, ನಿದ್ದಿ ಮಾಡತಾರ, ನನ್ನ ಕಪಾಟಿಗಿ ತಲಿ ಒರಗಸಿ ಹೊಲಸ ಮಾಡತಾರ.'"

ಆ ಬೈಗುಳ ಶಾಂತಲಿಂಗಪ್ಪನಿಗೆ ಹೊಸದಲ್ಲ. ಸಂಸಾರದುದ್ದಕ್ಕೂ ತಿಂದದ್ದೇ. ಪಾರಾಯಣದಲ್ಲಿ ನಿದ್ದೆ ಹತ್ತುತ್ತಿದ್ದುದು ನಿಜವಾದ್ದರಿಂದ ಎಂದೂ ಎದುರು ಆಡಿರಲಿಲ್ಲ. ಈಗ ಏನೋ ಅನ್ನಿಸಿ, ಕಪಾಟಿನ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ.

"ನೋಡು, ನನ್ನ ತಲಿ ಎಲ್ಲಿಗಿ ಬರತದ?"

ತಲೆ ಕಲೆಗಿಂತ ಒಂದು ಮೊಳ ಕೆಳಗಿತ್ತು.

ಇಬ್ಬರೂ ಕಲೆಯನ್ನು ಮತ್ತೆ ನೋಡಿದರು. ಕಪ್ಪು ಮರದಲ್ಲಿ ಯಾರಿಗೂ ಕಾಣದೆ ಇದ್ದದ್ದು ಬಿಳಿ ಬಣ್ಣದಲ್ಲಿ ಬಯಲಾಗಿತ್ತು. ಅದು ಒಂದು ಕಲೆಯಲ್ಲ. ಮೇಲಿನಿಂದ ಕೆಳಗೆ ಎಳೆದ ನಾಲ್ಕು ಗೆರೆ. ನಿಂತ ಹೆಂಗಸಿನ ಎದೆಯ ಎತ್ತರಕ್ಕೆ, ನಾಲ್ಕು ಬೆರಳು.

"ಗುರೂ!" ಎಂದು ಶಾಂತಲಿಂಗಪ್ಪ ಕೂಗಿದ. "ಕಳ್ಳಿ ನೀನ! ಬತ್ತಿ ಮುಂದ ಮಾಡಿ ಬೆರಳು ಇಲ್ಲಿ ಒರಸತಿದ್ದಿ. ಹೆಸರು ಮಾತ್ರ ನನ್ನ ತಲೀದು!" ನಗು ಬಂತು. ನಗುತ್ತ ನಗುತ್ತ ಕಣ್ಣೂ ತುಂಬಿ ಬಂದವು. ಗೊಲ್ಲಾಳಪ್ಪ ಗೋಡೆ ಹಿಡಿದು ನಕ್ಕ. ಚಹಾ ತಂದಿದ್ದ ಮನೀಷಾ ಆ ಗೆರೆಗಳನ್ನು ನೋಡಿದಳು, ತುಟಿ ಕಚ್ಚಿಕೊಂಡು ಒಳಗೆ ಹೊರಟುಹೋದಳು. ಸೊಸೆಗೆ ಸಿಟ್ಟು ಬಂದಿದೆ ಎಂದುಕೊಂಡ ಶಾಂತಲಿಂಗಪ್ಪ.

"ಅಪ್ಪಾ, ಸೋಮವಾರ ಹತ್ತಿರ ಬಂತು," ಎಂದ ಸಿದ್ಧರಾಮ. "ಟೆಂಪೋದವಂಗ ಏನ ಹೇಳಲಿ?"

"ಹೆರದು ತೊಳದ್ರ ಮಾತ್ರ ಬಣ್ಣ ನಿಂದರತದ," ಎಂದ ಗೊಲ್ಲಾಳಪ್ಪ.

"ಹ್ಯಾಂಗ ತೊಳೀಲೋ? ಅಕಿ ಬೆರಳವ."

"ತೊಳೀದಿದ್ರ ಕಪಾಟೇ ಹೋಗತದ ಮಾಮಾ. ಆಮ್ಯಾಲ ಬೆರಳು ಎಲ್ಲಿರತಾವ?"

ಶಾಂತಲಿಂಗಪ್ಪ ಲಿಂಗಪೂಜೆಗೆ ಕೂತ. ಅಂದಿನ ಪೂಜೆ ಬಹಳ ಹೊತ್ತು ಹಿಡಿಯಿತು. ಎದ್ದವನೇ ಸೊಸೆಯನ್ನು ಕರೆದು ಸೀಗೆಪುಡಿ ಕೇಳಿದ. ಗುರುಬಾಯಿ ಎಣ್ಣೆಸ್ನಾನದ ದಿನ ತನ್ನ ಉದ್ದ ಕೂದಲಿಗೆ ಹಚ್ಚುತ್ತಿದ್ದುದೂ ಅದೇ. ಬಿಸಿನೀರಿನಲ್ಲಿ ಕಲಸಿ, ಆ ನಾಲ್ಕು ಗೆರೆಗಳನ್ನು ತಾನೇ ತಿಕ್ಕಿ ತೊಳೆದ. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಮರ ಒಣಗಿದ ಮೇಲೆ ಕಣ್ಣು ಮುಚ್ಚಿಕೊಂಡು ಗೊಲ್ಲಾಳಪ್ಪನಿಗೆ, "ಹೂಂ, ಹೆರಿ," ಎಂದ.

"ಹೆರದ ಮ್ಯಾಲೇ ಕೋಡಿಗಿ ಕಳಾ ಬರೂದು," ಎಂದು ಗೊಲ್ಲಾಳಪ್ಪ ಕತ್ತಿ ಬಿಚ್ಚಿದ.

ಈ ಸಲ ಬಣ್ಣ ಕಲ್ಲಿನಂತೆ ಕೂತಿತು. ಕಲೆ ಏಳಲಿಲ್ಲ. ಗೊಲ್ಲಾಳಪ್ಪನಿಗೆ ಸುಮ್ಮನಿರಲಾಗದೆ ಅಂಚಿಗೆಲ್ಲ ಒಂದು ಕೆಂಪು ಗೆರೆ ಎಳೆದ, ಕೋಡಿನ ತುದಿಗೆ ಎಳೆಯುವ ಹಾಗೆಯೇ. ಮನೀಷಾ ಬಯ್ಯುತ್ತಾಳೆಂದು ಕಾದರೆ, ಆಕೆ "ಮಸ್ತ ಅದ ರೀ," ಎಂದಳು. ಶನಿವಾರ ಸಂಜೆ ದೇವರುಗಳು ಒಳಗೆ ಹೋದವು. ಕಪಾಟು ಉಳಿಯಿತು ಎಂದು ಶಾಂತಲಿಂಗಪ್ಪನಿಗೆ ನೆಮ್ಮದಿ. ಆದರೆ ಬಲಗಡೆಯ ಆ ನುಣುಪು ಹಲಗೆಯ ಕಡೆಗೆ ಅವನು ನೋಡಲು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಹೂ ಏರಿಸಲು ಬಂದವನ ಕೈಯಿಂದ ಬುಟ್ಟಿ ಜಾರಿತು. ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಎಣ್ಣೆಯ ನಾಲ್ಕು ಗೆರೆ ಹೊಳೆಯುತ್ತಿದ್ದವು.

ಓಡಿ ಬಂದ ಗೊಲ್ಲಾಳಪ್ಪ ನೋಡಿದ. ಕೊಬ್ಬಿದ ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವ ಗಂಡಾಳು, ಈಗ ಎರಡೂ ಕೈ ಜೋಡಿಸಿದ. "ಅಕ್ಕಾ, ನನ್ನ ಮ್ಯಾಲ ಸಿಟ್ಟಾಗಬ್ಯಾಡವಾ. ಹೆರಿ ಅಂದಾಂವ ಮಾಮಾ!"

ಶಾಂತಲಿಂಗಪ್ಪ ಮನೆಯಲ್ಲಿ ಬೇರೆ ಯಾರಿಗೂ ಹೇಳದೆ ಗೆರೆಗಳನ್ನು ಒರೆಸಿಬಿಟ್ಟ. ಸೋಮವಾರ ಬೆಳಕು ಹರಿಯುವ ಮೊದಲೇ ಎದ್ದು, ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತ. ಏನನ್ನು ಕಾಯುತ್ತಿದ್ದೇನೆಂದು ಅವನಿಗೇ ತಿಳಿಯದು.

ಮನೀಷಾ ಸ್ನಾನ ಮಾಡಿ ಬಂದಳು. ದೀಪಕ್ಕೆ ಎಣ್ಣೆ ಹಾಕಿದಳು, ಬೆರಳಿನಿಂದ ಬತ್ತಿ ಮುಂದೆ ಮಾಡಿ ಹಚ್ಚಿದಳು, ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಆ ಕಡೆ ನೋಡದೆಯೇ ಬಲಗೈಯನ್ನು ಪಕ್ಕದ ಹಲಗೆಗೆ ಒಯ್ದು, ನಾಲ್ಕೂ ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು.

"ಮನೀಷಾ!"

"ಅಗ ಬಾಯಿ!" ಎಂದು ಹಾರಿಬಿದ್ದಳು ಸೊಸೆ. ತನ್ನ ಕೈ ನೋಡಿಕೊಂಡಳು, ಹಲಗೆ ನೋಡಿದಳು. "ಮಾವಾರ, ಕೈ ತಾನ ಹೋಗತದ್ರಿ. ಅತ್ತಿಯಾರೇ ಕಲಿಸ್ಯಾರ. ದೀಪದ ಎಣ್ಣಿ ಸೀರಿಗಿ ಒರಸಬಾರದು, ದೇವರದು ದೇವರ ಕಟಗಿಗೇ ಹೋಗಬೇಕು ಅಂತಿದ್ರು."

"ನಿನಗ ಗೊತ್ತಿತ್ತೇನು? ಅಂದರ ನನ್ನ ತಲಿ?"

ಮನೀಷಾ ಸೆರಗು ಬಾಯಿಗೆ ಒತ್ತಿಕೊಂಡಳು. "'ಅವರಿಗಿ ಹೇಳಬ್ಯಾಡ, ಅವರ ತಲಿ ಮ್ಯಾಲ ಹಾಕೀನಿ' ಅಂದಿದ್ರು ರೀ."

ಶಾಂತಲಿಂಗಪ್ಪನ ನಗೆಗೆ ಮನೆಯೆಲ್ಲ ಎದ್ದು ಕೂತಿತು. ಕಣ್ಣುಜ್ಜುತ್ತ ಬಂದ ಸಿದ್ಧರಾಮ, ಬಣ್ಣ ಮತ್ತೆ ಕೆಟ್ಟಿತೆಂದು ತಿಳಿದು, "ಟೆಂಪೋದವಂಗ ಫೋನ ಮಾಡಲೇನು?" ಎಂದು ಕೇಳಿದ.

"ಯಾಂವ ಟೆಂಪೋದಾಂವ?" ಎಂದಳು ಮನೀಷಾ. "ಆ ಕಲ್ಲಿನ ಮಂಟಪಕ್ಕ ನಾ ಕೈ ಎಲ್ಲಿ ಒರಸಲಿ?"

ಸಂಜೆ ಭಜನೆಗೆ ಮಂದಿ ತುಂಬಿದರು. ಮಂಗಳಾರತಿಯಾದ ಮೇಲೆ ನೆರೆಮನೆಯ ಶಾರದಾಬಾಯಿ ಕಪಾಟನ್ನು ಹೊಗಳಿ ಹೊಗಳಿ, ಬಲಗಡೆಗೆ ಬಂದು ನಿಂತಳು. "ಅಯ್ಯ, ಹೊಸಾ ಬಣ್ಣದ ಮ್ಯಾಲ ಎಣ್ಣಿ ಕಲಿ! ಯಾರ ಮಾಡ್ಯಾರ ಇದು?"

ಮನೀಷಾಳ ಮುಖ ಕೆಂಪಾಯಿತು. ಗೊಲ್ಲಾಳಪ್ಪ ಪ್ರಸಾದ ಬಾಯಿಗೆ ತುಂಬಿಕೊಂಡು ಗೋಡೆಯ ಕಡೆ ತಿರುಗಿದ.

"ನಂದೇ ರೀ ಬಾಯಿ," ಎಂದ ಶಾಂತಲಿಂಗಪ್ಪ, ಬೋಳು ನೆತ್ತಿ ಸವರಿಕೊಳ್ಳುತ್ತ. "ಪಾರಾಯಣಕ್ಕ ಕೂಡತೀನಿ, ನಿದ್ದಿ ಹತ್ತತದ. ತಲಿ ಎಣ್ಣಿ ಅದು."