ಹಾರ್ನ್ ಬಂದರೆ ಬದಿಗೆ

ತೂಕದ ಕೊಕ್ಕೆಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ ಮಗು ಕಾಲು ಝಾಡಿಸುತ್ತ ಅರಚುತ್ತಿತ್ತು. ಮುಳ್ಳು ಅತ್ತಿತ್ತ ಹೊಯ್ದಾಡುತ್ತಿತ್ತು. ಅದು ನಿಲ್ಲುವವರೆಗೆ ಅಬಿದಾ ಚೀಲದ ಕೆಳಗೆ ಕೈ ಒಡ್ಡಿಕೊಂಡೇ ನಿಂತಳು. ಅಂಗನವಾಡಿಯಲ್ಲಿ ಅಂದು ತೂಕದ ದಿನ.

ಮಗುವಿನ ಅಜ್ಜಿ ಶೇವಂತೆವ್ವ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

“ಯಾಕ ಟೀಚರಮ್ಮ, ನಿನ್ನಿ ರೇಸಿನಾಗ ನಿನ್ನ ಮಗಳು ಸೈಕಲ್ ನಿಲ್ಲಿಸಿ ದಾರಿ ಬಿಟ್ಟಳಂತ?”

“ಹೂಂ, ಜೀಪಿಗೆ ಬಿಟ್ಟಳು.”

“ಜೀಪೂ ರೇಸಿನಾಗ ಇತ್ತೇನ?”

“ಇಲ್ಲಬೇ.”

“ಭಾರಿ ಮರ್ಯಾದಿ ಹುಡುಗಿ ಬಿಡವಾ! ಬರ್ರಿ, ಕುಂದರ್ರಿ, ಚಾ ಕುಡದು ಹೋಗ್ರಿ ಅನ್ನೂದೊಂದ ಬಾಕಿ ಉಳದಿತ್ತು.”

ಅಬಿದಾಳಿಗೂ ನಗು ಬಂತು. ನಗುತ್ತಲೇ ಮಗುವನ್ನು ಇಳಿಸಿ ಅಜ್ಜಿಯ ಮಡಿಲಿಗೆ ಹಾಕಿದಳು. ಆಮೇಲೆ ಇಡೀ ದಿನ ಆ ಮಾತು ಎದೆಯಲ್ಲಿ ಸಣ್ಣ ಮುಳ್ಳಿನಂತೆ ಆಡುತ್ತಲೇ ಇತ್ತು.

ಜಾಸ್ಮಿನ ಒಂಬತ್ತನೆಯ ಇಯತ್ತೆಯ ಹುಡುಗಿ. ವಿಜಯಪುರದ ಕ್ರೀಡಾ ಹಾಸ್ಟೆಲ್ಲಿಗೆ ಸೈಕಲ್ ಹೊಡೆಯುವ ಹುಡುಗಿಯರನ್ನು ಆರಿಸಲು ಸಿಂದಗಿ ರಸ್ತೆಯಲ್ಲಿ ಸ್ಪರ್ಧೆ ಇಟ್ಟಿದ್ದರು. ಅವಳೇ ಎಲ್ಲರಿಗಿಂತ ಮುಂದಿದ್ದಳು. ಗುರಿಯ ಬಟ್ಟೆ ಕಣ್ಣಿಗೆ ಕಾಣುವಷ್ಟು ಹತ್ತಿರವಾದಾಗ ಹಿಂದಿನಿಂದ ತೀರ್ಪುಗಾರರ ಜೀಪು ಜನರನ್ನು ಚದುರಿಸಲು ಉದ್ದಕ್ಕೆ ಹಾರ್ನ್ ಹಾಕಿತು. ಜಾಸ್ಮಿನ ರಸ್ತೆ ಬಿಟ್ಟು ಎಡಗಡೆಯ ಮಣ್ಣಿಗೆ ಇಳಿದಳು. ಎಡಗಾಲು ಊರಿ, ತಲೆ ತಗ್ಗಿಸಿ, ಜೀಪು ದಾಟಲೆಂದು ನಿಂತಳು. ಜೀಪಿನ ಹಿಂದೆ ಉಳಿದ ಹುಡುಗಿಯರೆಲ್ಲ ದಾಟಿಹೋದರು.

ಆರಿಸುವ ಸೋಮನಿಂಗ ಮಾಸ್ತರರು ಬೈಯಲಿಲ್ಲ. ಅಬಿದಾಳನ್ನು ಬೇವಿನ ನೆರಳಿಗೆ ಕರೆದು ಹೇಳಿದರು. “ಅಕ್ಕಾರ, ಈ ಹುಡುಗೀಗಿ ಕಾಲು ಹುಟ್ಟುತ್ತಲೇ ಬಂದಾವ್ರಿ. ಇಂಥಾ ಕಾಲು ಕಲಿಸಿ ಬರೂದಿಲ್ಲ. ಆದ್ರ ಅಂಜಿಕೀನೂ ಹುಟ್ಟುತ್ತಲೇ ಬಂದೈತಿ. ಅದನ್ನ ನಾ ಹ್ಯಾಂಗ ತಗೀಲಿ? ಮುಂದಿನ ಐತವಾರ ವಿಜಯಪುರದಾಗ ಕಡೀ ಸಲ ನೋಡ್ತೇವಿ. ಅಲ್ಲೂ ಜೀಪು ಇರ್ತೈತಿ. ಅಲ್ಲೂ ಹಿಂಗ ಕಾಲು ಊರಿದ್ಲಂದ್ರ ಮುಗೀತು. ಮುಂದಿನ ವರ್ಷ ವಯಸ್ಸು ದಾಟತೈತಿ.”

ಅಬಿದಾ “ಹೌದ್ರಿ” ಎಂದಳು. 

ಹುಟ್ಟುತ್ತಲೇ ಬಂದದ್ದು ಏನಿತ್ತು? ಹುಟ್ಟಿದಾಗ ಜಾಸ್ಮಿನ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ಆ ಕಾಲುಗಳನ್ನು ನೋಡಿ ನೆರೆಯವರು ಕಡ್ಡಿ ಎಂದಿದ್ದರು. ಆಲಮೇಲದ ಆಚೆ ಹೊಲದ ನಡುವೆ ಅವರ ಮನೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವಾಗ ಭೀಮಾ ಹೊಳೆಯ ಕಡೆಯಿಂದ ಗಾಳಿ ಎದೆಗೆ ಹೊಡೆಯುತ್ತದೆ. ಹಿಂದಿನ ಕ್ಯಾರಿಯರ್‌ನಲ್ಲಿ ತಮ್ಮ, ಹ್ಯಾಂಡಲ್‌ಗೆ ಕುಡಿಯುವ ನೀರಿನ ಕ್ಯಾನು. ರಜೆಯಲ್ಲಿ ಹೊಲಕ್ಕೆ ಬುತ್ತಿ. ಆ ಕಾಲುಗಳನ್ನು ಮಾಡಿದ್ದು ಈ ದಾರಿ.

ಅಂಜಿಕೆಯನ್ನು ಮಾಡಿದ್ದು ಅಬಿದಾಳೇ. ಜಾಸ್ಮಿನ ಐದನೆಯ ಇಯತ್ತೆಯಲ್ಲಿದ್ದಾಗ, ಕಬ್ಬಿನ ಟ್ರ್ಯಾಕ್ಟರಿನಿಂದ ಹೊರಚಾಚಿದ ಜಲ್ಲೆಯೊಂದು ಅವಳ ಪಾಟೀಚೀಲಕ್ಕೆ ಸಿಕ್ಕಿ ಎಳೆದು ಕೆಡವಿತ್ತು. ಗಾಲಿ ಒಂದು ಗೇಣು ಆಚೆ ಹೋಗಿತ್ತು. ಅಂದಿನಿಂದ ದಿನಾ ಮುಂಜಾನೆ ಬಾಗಿಲಲ್ಲಿ ಒಂದೇ ಮಾತು: “ಹಾರ್ನ್ ಬಂದ್ರ ಬದಿಗಿ. ಕಾಲು ಊರು. ದಾಟಿ ಹೋಗೂಮಟ ಏರಬ್ಯಾಡ.” ಖುದಾ ಹಾಫಿಜ್ ಹೇಳುವುದು ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಇಮಾಮಬಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅಬಿದಾಳ ಗಂಡ ಯುನೂಸ ಅಂಥದೇ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಸಕ್ಕರೆ ಫ್ಯಾಕ್ಟರಿಯಿಂದ ಬಂದವನೇ ಮಗಳ ಮುಂದೆ ಕೂತ.

“ಟ್ರ್ಯಾಕ್ಟರ್ ಡ್ರೈವರನ ಮಗಳು ಜೀಪಿನ ಹಾರ್ನಿಗಿ ಅಂಜೂದಂದ್ರ! ನನ್ನ ಮಾರಿ ಎಲ್ಲಿ ಇಡ್ಲಿ?”

“ಮಾರೀಗಿ ಮೊದಲ ನೀರು ಹಾಕ್ಕೋ, ಆಮ್ಯಾಲ ಇಡೂದ ನೋಡಾಕ ಬರ್ತೈತಿ,” ಎಂದಳು ಇಮಾಮಬಿ. “ಬರೇ ಧೂಳು.”

ಜಾಸ್ಮಿನ ನಗಲಿಲ್ಲ. “ನಾ ಅಂಜಿಲ್ಲ ಅಬ್ಬಾ. ಖರೇನ ಅಂಜಿಲ್ಲ. ಹಾರ್ನ್ ಬಂತು, ಕಾಲು ತಾನ ಇಳೀತು. ನಾ ನೋಡೂದ್ರಾಗ ನೆಲದ ಮ್ಯಾಲಿತ್ತು.”

“ಕಾಲಿಗೆ ಬುದ್ಧಿ ಹೇಳು ಹಂಗಾರ.”

“ಹೇಳೇನಿ. ಕೇಳವಲ್ದು.” ಅವಳು ಎದ್ದು ಹೊರಗೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ಕೂತಳು. ಬೇಕಿಲ್ಲದಿದ್ದರೂ ಒರೆಸಿ ಮತ್ತೆ ಬಿಟ್ಟಳು.

ಇಮಾಮಬಿ ಮೊರ ಕೆಳಗಿಟ್ಟಳು. “ಹೋಗ್ಲಿ ಬಿಡ. ಹಾಸ್ಟೆಲ್ ಇಲ್ಲಂದ್ರ ಏನಾತು? ಜೀವ ಗಟ್ಟಿ ಐತೆಲ್ಲ.”

ರೊಟ್ಟಿ ಬಡಿಯುತ್ತಿದ್ದ ಅಬಿದಾಳ ಕೈ ನಿಧಾನವಾಯಿತು. ಅತ್ತೆಯ ಮಾತು ಸುಳ್ಳಲ್ಲ. ಕಾರ್ಖಾನೆ ಸುರುವಾದ ಮೇಲೆ ಈ ದಾರಿಯಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು, ಅಕ್ಕಪಕ್ಕ ನೋಡದೆ ಓಡುತ್ತವೆ, ಯುನೂಸನದೂ ಹಾಗೆಯೇ. ಹುಡುಗಿ ಇಷ್ಟು ವರ್ಷ ಕೈಕಾಲು ನೆಟ್ಟಗೆ ಮನೆಗೆ ಬಂದದ್ದು ಆ ಊರಿದ ಕಾಲಿನಿಂದ. ಈಗ ಅದನ್ನು ಬಿಡಿಸಿದರೆ, ಇದು ಜೀಪು, ಇದು ಟ್ರ್ಯಾಕ್ಟರು ಎಂದು ಕಾಲಿಗೆ ಹೇಗೆ ತಿಳಿಯಬೇಕು? ಬಿಡಿಸದಿದ್ದರೆ ಜಾಸ್ಮಿನ ಮುಂದೆ ಎಲ್ಲೆಲ್ಲಿ ಯಾರ ಯಾರ ಹಾರ್ನಿಗೆ ಇಳಿದು, ತಲೆ ತಗ್ಗಿಸಿ ನಿಂತಿರಬೇಕು? ಸಂಬಂಧ ನೋಡಲು ಬಂದವರಿಗೆ? ಜೋರು ದನಿಯ ಗಂಡಸರಿಗೆ? ತಾನು ನಿಂತದ್ದು ಸಾಕಷ್ಟಿತ್ತು. ಯಾವುದಕ್ಕೆ, ಯಾರಿಗೆ ಎಂದು ನೆನೆಯಲು ಅವಳು ಹೋಗಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಕರಕಾಗುವ ವಾಸನೆ ಬಂತು.

“ರೊಟ್ಟಿ ನೋಡ ಅಬಿದಾ!” ಅತ್ತೆ ಕೂಗಿದಳು.

ಅವಳು ತಿರುವಿಹಾಕಿದಳು. ಕಾಲುವೆಯ ಏರಿಯ ಮೇಲೆ ದಾರಿ ಖಾಲಿ ಇರುತ್ತದೆ, ಕಬ್ಬಿನ ಗಾಡಿ ಅತ್ತ ಬರುವುದಿಲ್ಲ. ಜಾಸ್ಮಿನ ಮುಂಜಾನೆ ಅಲ್ಲಿಯೇ ಸೈಕಲ್ ಹೊಡೆಯುತ್ತಾಳೆ. ನಾಳೆಯಿಂದ ಅಂಗನವಾಡಿಗೆ ಹೋಗುವ ತನ್ನ ಸ್ಕೂಟಿಯಲ್ಲಿ ಅವಳ ಬೆನ್ನಿಗೆ ಬೀಳಬೇಕು. ಹಾರ್ನ್ ಒತ್ತಿದ ಬೆರಳು ತೆಗೆಯಬಾರದು. ಅವಳು ಇಳಿದರೆ ಮತ್ತೆ ಏರಿಸಬೇಕು, ಮತ್ತೆ ಒತ್ತಬೇಕು. ಕಾಲು ಪೆಡಲ್ ಬಿಡುವುದನ್ನು ಮರೆಯುವವರೆಗೆ. ಬೈದರೂ, ಅತ್ತರೂ. ಐತವಾರ ಕಳೆದ ಮೇಲೆ ಶಾಲೆಯ ದಾರಿಯಲ್ಲಿ ಟ್ರ್ಯಾಕ್ಟರಿನ ಹಾರ್ನಿಗೂ ಕಾಲು ಇಳಿಯದಿದ್ದರೆ? ಅದನ್ನು ತಾನು ಹೊರಬೇಕಾಗುತ್ತದೆ ಎಂದಷ್ಟೇ ಗೊತ್ತಿತ್ತು.

ಊಟವಾದ ಮೇಲೆ ಅಬಿದಾ ಸ್ಕೂಟಿಯನ್ನು ಗೋಡೆಯಿಂದ ಹೊರಳಿಸಿ ದಾರಿಯ ಕಡೆ ಮುಖ ಮಾಡಿ ನಿಲ್ಲಿಸುತ್ತಿರುವಾಗ ಯುನೂಸ ಕೇಳಿದ.

“ಎತ್ತ ಹೊಂಟಿ?”

“ಈಗ ಎತ್ತಾನೂ ಇಲ್ಲ. ಮುಂಜಾನೆ ಏರಿ ಕಡೆ ಹೋಗೂದೈತಿ,” ಎಂದು ಒಳಗೆ ಬಂದಳು.