ಬೆಳೆಯುವ ಮಾಣಿಯ ಹಾಕಿ ಕೋಲು

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ, ಹಾಗಾಗಿ ಹೇಳುತ್ತೇನೆ: ಮಂಜಯ್ಯ. ತೆಕ್ಕಟ್ಟೆಯಲ್ಲಿ ಹೆದ್ದಾರಿ ಬದಿಗೆ ಹೋಟೆಲು ಇಟ್ಟವರು. ಮಗನಿಗೆ ಯಾವುದನ್ನೂ ಅಳತೆಗೆ ಸರಿಯಾಗಿ ತಂದವರಲ್ಲ. ಅಂಗಿ ತಂದರೆ ತೋಳು ಬೆರಳು ಮುಚ್ಚಬೇಕು, ಚಡ್ಡಿ ತಂದರೆ ಮೊಣಕಾಲು ದಾಟಬೇಕು. ಕೇಳಿದರೆ ಒಂದೇ ಉತ್ತರ: "ಬೆಳೂ ಮಾಣಿ ಅಲ್ದಾ, ನಾಳಿಗ್ ಸಮ ಆತ್ತ್."

ಹಾಕಿ ಕೋಲಿನ ಕತೆಯೂ ಅದೇ. ಅರವತ್ತಾರನೇ ಇಸವಿಯಲ್ಲಿ ನಮ್ಮೂರ ಶಾಲೆಗೆ ಚಂದಯ್ಯ ಎಂಬ ಆಟದ ಮಾಸ್ಟ್ರು ಬಂದರು. ಬೊಂಬಾಯಿಯಲ್ಲಿ ಮಿಲ್ಲಿನ ತಂಡಕ್ಕೆ ಹಾಕಿ ಆಡಿದವರಂತೆ. ಕೊಯ್ಲಾದ ಗದ್ದೆಯಲ್ಲಿ ಮಕ್ಕಳಿಗೆ ಹಾಕಿ ಕಲಿಸಲು ಶುರುಮಾಡಿದರು. ನಮ್ಮ ರತ್ನಾಕರನಿಗೆ ಅದರ ಹುಚ್ಚು ಹಿಡಿಯಿತು. ಅವನ ಅಪ್ಪ ಕುಂದಾಪುರದಿಂದ ಕೋಲು ತಂದರು, ದೊಡ್ಡವರು ಆಡುವಂಥದ್ದು. ನಿಲ್ಲಿಸಿದರೆ ಅವನ ಎದೆಗೆ ಬರುತ್ತಿತ್ತು, ಚೆಂಡು ಹೊಡೆಯಲು ಬಗ್ಗಿದರೆ ಹೊಟ್ಟೆಗೆ ತಿವಿಯುತ್ತಿತ್ತು.

ಅವನ ತರಗತಿಯಲ್ಲೇ ನಾಗ ಇದ್ದ, ಮೀನು ಮಾರುವ ಜಲಜಳ ಮಗ. ಚೆಂಡು ಅವನಿಗೆ ಸಿಕ್ಕರೆ ಗದ್ದೆಯ ಆ ತುದಿ ಮುಟ್ಟಿದ ಮೇಲೆಯೇ ನಿಲ್ಲುತ್ತಿತ್ತು. ನಮ್ಮವನು ಅವನ ಹಿಂದೆ ಓಡಿ ಓಡಿ ಗದ್ದೆಯಂಚಿನ ಕಂಟದ ಮೇಲೆ ಕುಸಿಯುತ್ತಿದ್ದ. ಮನೆಗೆ ಬಂದರೆ ಅಪ್ಪನ ಮಂಗಳಾರತಿ.

"ಅವ್ನೂ ನಿನ್ ಪ್ರಾಯದವನೇ. ಅವ ಎಂತ ಕಲ್ಲ್ ತಿಂತ್ನಾ?"

ಬ್ರಹ್ಮಾವರದ ಶಾಲೆಯ ಎದುರು ಪಂದ್ಯ ಗೊತ್ತಾಯಿತು. ಗಂಡ ಕಡ್ಡಿ ಮುರಿದ ಹಾಗೆ ಹೇಳಿದರು: "ತಂಡಕ್ಕೆ ಇವನ್ನ ತಕಂಡ್ರೆ ಸೈ. ಇಲ್ದಿರೆ ಕೋಲ್ ಹೋಟ್ಲ್ ಒಲಿಗೆ, ಇವ ಗಲ್ಲಾಪೆಟ್ಟಿ ಎದ್ರಿಗೆ." ರತ್ನಾಕರ ಅನ್ನ ಕಲಸಿದ ಕೈಯನ್ನು ಬಾಯಿಗೆ ಒಯ್ಯಲೇ ಇಲ್ಲ.

ಮರುದಿನ ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿರುವಾಗ ಚಂದಯ್ಯ ಮಾಸ್ಟ್ರೇ ಬಂದರು. ನೀರು ಬೆಲ್ಲ ಕೊಡುವ ಮೊದಲೇ ಪ್ರಶ್ನೆ.

"ಗಿರಿಜಮ್ಮ, ನಿಮ್ ಮಾಣಿ ಹುಟ್ಟದ್ ಯಾವಾಗ?"

"ಶಾಲಿಯಗೆ ಬರ್ದಿತ್ತಲೆ, ಜೂನ್ ಒಂದು."

"ನಾಗಂದೂ ಜೂನ್ ಒಂದು, ಇಡೀ ಕ್ಲಾಸಿಂದೂ ಜೂನ್ ಒಂದು. ಊರಿನ್ ಅಬ್ಬಿಯರೆಲ್ಲ ಒಂದೇ ದಿವ್ಸ ಹೆತ್ತದ್ದಾ?"

ನಗು ತಡೆಯಲಾಗಲಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನವನ್ನು ಕೇಳಿದವರು ಯಾರು, ಹೇಳಿದವರು ಯಾರು? ಮುಖ ನೋಡಿ ಒಂದು ಇಸವಿ ಬರೆದು, ಎಲ್ಲರಿಗೂ ಜೂನ್ ಒಂದು ಹಾಕುವುದು.

"ಎಂತಕೆ ಮಾಸ್ಟ್ರೆ, ಜಾತಕ ಕಾಂಬುಕಾ? ಮಾಣಿಗ್ ಹೆಣ್ಣ್ ಗಿಣ್ಣ್ ಕಂಡಿರ್ಯಾ?"

"ಅಲ್ಲ ಅಮ್ಮ, ಯಾರ್ ದೊಡ್ಡವ ಯಾರ್ ಸಣ್ಣವ ಅಂದೇಳಿ ನಂಗ್ ಗೊತ್ತಾಯ್ಕ್. ಆರೆ ಮನಿ ಮನಿಗ್ ಹೋಯಿ 'ನೀವ್ ಹೆತ್ತದ್ ಯಾವಾಗ' ಅಂತ ಗಂಡ್ಸ್ ಕೇಂಡ್ರೆ ಗುಡ್ಸು ಹಿಡ್ಸೂಡಿಯಗೇ ಪೂಜಿ ಆತ್ತ್."

ಆ ಕೆಲಸ ನನ್ನ ಪಾಲಿಗೆ ಬಂತು. ಬೇಡ ಎನ್ನುವ ಮನಸ್ಸೂ ಇರಲಿಲ್ಲ. ಈ ಮನುಷ್ಯನ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯದೆ ನನಗೆ ಹಪ್ಪಳ ಲಟ್ಟಿಸಲೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಜಲಜ ಮೀನಿನ ಬುಟ್ಟಿ ಇಳಿಸಿದಳು. ಬಂಗುಡೆ ಆರಿಸುತ್ತಾ ಕೇಳಿದೆ: "ಜಲಜ, ನಿನ್ ನಾಗ ಹುಟ್ಟದ್ ಯಾವಾಗಾ?"

"ಇಸ್ವಿ ಗಿಸ್ವಿ ನಂಗೊತ್ತಿಲ್ಲೆ ಅಮ್ಮ. ನಿಮ್ ಮದಿ ದಿನ ಅವ ನನ್ ಸೊಂಟದ್ ಮೇಲಿದ್ದ. ಇಳ್ಸದ್ದೇ ಸೈ, ಓಡಿ ಬಂದ್ ನಿಮ್ ಎದ್ರಿಗಿದ್ದ ತಟ್ಟಿಯಿಂದ ಬಾಳಿಹಣ್ಣ್ ಕಿತ್ಕಂಡ್ ಹೋದ್ನಲೆ. ಒಡೇರ್ ಬೈದದ್ ನೆನ್ಪಿಲ್ಯಾ?"

ಬಂಗುಡೆ ಹಿಡಿದ ಕೈ ಹಾಗೆಯೇ ನಿಂತಿತು. ನಮ್ಮ ಮದುವೆಯ ಚಪ್ಪರದಲ್ಲಿ ಓಡಿದವನ ಜೊತೆ, ಮದುವೆಯಾಗಿ ವರ್ಷ ಕಳೆದ ಮೇಲೆ ಹುಟ್ಟಿದವನನ್ನು ಓಡಿಸಿ, ಸೋತೆ ಎಂದು ಬೈಯುತ್ತಿದ್ದೆವಲ್ಲ! ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಅದರ ಹಿಂದೆಯೇ ಎದೆ ಹಗುರವಾಯಿತು. ಜಲಜ ಹೇಳಿದ ಕ್ರಯಕ್ಕೇ ಮೀನು ತೆಗೆದುಕೊಂಡೆ.

ಉಳಿದ ಮನೆಗಳಿಗೂ ಹೋಗಿ ಬಂದೆ. ಹೊಳೆ ಗದ್ದೆಗೆ ನುಗ್ಗಿದ ವರ್ಷ ಎಂದರು ಒಬ್ಬರು, ಕೆಂಪು ದನ ಕರು ಹಾಕಿದ ವಾರ ಎಂದರು ಇನ್ನೊಬ್ಬರು. ಎಲ್ಲವನ್ನೂ ಜೋಡಿಸಿ ಹೇಳಿದಾಗ ಮಾಸ್ಟ್ರ ಮುಖ ಅರಳಿತು. ಸಣ್ಣವರನ್ನು ಬೇರೆಯೇ ಆಡಿಸಿದರು. ಅವರಿಗೆ ಚೆಂಡಿನ ಬದಲು ಹೊನ್ನೆಕಾಯಿ, ಕೋಲಿನ ಬದಲು ಅವರವರ ಎತ್ತರಕ್ಕೆ ಕಡಿದ ತೆಂಗಿನ ಮಡಲಿನ ದಿಂಡು.

ನೋಡಲು ನಾನೂ ಹೋದೆ. ಹಾಕಿಯ ಗಂಧಗಾಳಿ ನನಗಿಲ್ಲ. ಆದರೂ ಕಂಡಿತು. ಹೊನ್ನೆಕಾಯಿ ಸಿಕ್ಕ ಕೂಡಲೇ ಉಳಿದವರು ತಲೆ ತಗ್ಗಿಸಿ ಓಡುತ್ತಿದ್ದರು. ನನ್ನ ಮಗ ತಲೆ ಎತ್ತುತ್ತಿದ್ದ. ಎಲ್ಲಿ ಒಬ್ಬ ಒಂಟಿಯಾಗಿ ನಿಂತಿದ್ದಾನೆಂದು ನೋಡಿ ಅವನ ಕಾಲ ಬುಡಕ್ಕೇ ದೂಡುತ್ತಿದ್ದ.

"ಕಾಲ್ ತನ್ನಷ್ಟಕ್ಕೆ ಬೆಳಿತ್ತ್ ಅಮ್ಮ," ಎಂದರು ಮಾಸ್ಟ್ರು. "ಈ ಕಣ್ಣ್ ಎಲ್ಲರಿಗೂ ಬತ್ತಿಲ್ಲೆ. ಈ ಸರ್ತಿ ಇವನ್ನ ತಂಡಕ್ಕೆ ತಕಂತಿಲ್ಲೆ. ದೊಡ್ಡವರ್ ಮಧ್ಯ ಹಾಕ್ರೆ ಹೆದ್ರಿ ಬಿಡ್ತ. ಎರಡ್ ವರ್ಷ ನಂಗ್ ಬಿಡಿ."

"ಅಲ್ಲಿವರಿಗ್ ಕೋಲ್ ಉಳಿಕಲೆ ಮಾಸ್ಟ್ರೆ," ಎಂದೆ. ಒಲೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

ಶನಿವಾರ ಮಾಸ್ಟ್ರು ತಂಡದ ಹೆಸರು ಹೇಳಿದರು, ರತ್ನಾಕರನದ್ದು ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಗಂಡ ಕೈಕಾಲು ಕೂಡ ತೊಳೆಯದೆ ಮೂಲೆಯ ಕೋಲು ಎತ್ತಿಕೊಂಡರು. ರತ್ನಾಕರ ಕಂಬಕ್ಕೆ ಅಂಟಿ ನಿಂತ. ಅಳಲಿಲ್ಲ, ಅದೇ ನನಗೆ ತಡೆಯಲಾಗದ್ದು. ಬಾಗಿಲಿಗೆ ಅಡ್ಡ ನಿಂತೆ.

"ಹ್ವಾಯ್, ನಮ್ ಮದಿಯಗೆ ಬಾಳಿಹಣ್ಣ್ ಎಳ್ದ ಮಾಣಿ ನೆನ್ಪಿತ್ತಾ?"

"ನೆನ್ಪಿಲ್ದೆ? ನನ್ ಎದ್ರಿಗೇ ತಟ್ಟಿಗ್ ಕೈ ಹಾಕದ್ ಮಂಗ!"

"ಆ ಮಂಗನೇ ಜಲಜನ್ ನಾಗ."

ಅವರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಂಗಾರೆ ಇವ ಆಗ…"

"ಹುಟ್ಟಲೇ ಇಲ್ಲೆ."

ನನ್ನನ್ನು ದಾಟಿ ಕೊಟ್ಟಿಗೆಗೆ ಹೋದರು, ಕೋಲು ಕೈಯಲ್ಲೇ ಇತ್ತು. ಕೋಲು ಕಡಿಯಲು ಕತ್ತಿ ತೆಗೆಯುತ್ತಾರೆಂದು ನಾವಿಬ್ಬರೂ ಓಡಿದೆವು. ಅವರು ಗರಗಸ ಹಿಡಿದು ಕೂತಿದ್ದರು. "ಬಾ ಇಲ್ಲ್, ನೇರ ನಿಲ್ಲ್" ಎಂದು ಮಗನ ಸೊಂಟದ ಎತ್ತರ ನೋಡಿ ಕೋಲಿನ ಹಿಡಿಯ ತುದಿ ಕೊಯ್ದರು. ನನ್ನ ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತಿದರು. ರತ್ನಾಕರ ಕೋಲು ಹಿಡಿದು ಬಗ್ಗಿದ. ಹೊಟ್ಟೆಗೆ ತಿವಿಯಲಿಲ್ಲ. ಅಪ್ಪನ ಮುಖ ನೋಡಿದ, ಇನ್ನೊಮ್ಮೆ ಬಗ್ಗಿದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬೆಳೂ ಮಾಣಿ ಅಲ್ದಾ? ನಾಳಿಗ್ ಗಿಡ್ಡ ಆತ್ತಲೆ!"

ಅವರು ತೊಡೆಯ ಮೇಲಿನ ಮರದ ಹುಡಿ ಕೊಡವಿಕೊಂಡರು.

"ಗಿಡ್ಡ ಆರೆ ನಾಳಿಗ್ ಹೊಸ್ತ್ ತತ್ತೆ. ಇವತ್ತ್ ಆಡ್ಲಿ."